ಬೊಂಬಾಯಿಯಲ್ಲಿ ಬದಲಾದ ನಾಯಿ

ಮಸ್ಕತ್
೧೨ ಫೆಬ್ರುವರಿ ೧೯೮೯

ಅಣ್ಣನಿಗೆ ಶಾರದಾಳ ನಮಸ್ಕಾರ.

ದೀಪಾವಳಿಗೊಮ್ಮೆ ಬರೆಯುವವಳು ಫೆಬ್ರುವರಿಯಲ್ಲೇ ಬರೆದಳಲ್ಲ ಎಂದು ಗಾಬರಿಯಾಗಬೇಡ. ನನ್ನ ಆರೋಗ್ಯಕ್ಕೆ ಏನೂ ಆಗಿಲ್ಲ. ನಿನ್ನಿಂದ ಒಂದು ಉಪಕಾರ ಆಗಬೇಕಿದೆ. ನಿನ್ನ ಮಾತು ಮೀರಿ ಈ ದೇಶಕ್ಕೆ ನರ್ಸ್ ಕೆಲಸಕ್ಕೆ ಬಂದು ಎಂಟು ವರ್ಷವಾಯಿತು. ಅಂದಿನಿಂದ ನಿನ್ನನ್ನು ಏನೂ ಕೇಳಿಲ್ಲ, ಕೇಳುವ ಮುಖವೂ ಇರಲಿಲ್ಲ. ಈಗ ಕೇಳುತ್ತಿದ್ದೇನೆ.

ನನ್ನ ಹತ್ತಿರ ಒಂದು ನಾಯಿ ಇದೆ. ಆರು ವರ್ಷದ ಹಿಂದೆ ಇಲ್ಲಿ ಅಪರೂಪಕ್ಕೆ ಮಳೆ ಸುರಿದು ಒಣಹಳ್ಳ ತುಂಬಿ ಹರಿಯಿತು. ನಡುಬಂಡೆಯ ಮೇಲೆ ಮರಿಯೊಂದು ಸಿಕ್ಕಿಕೊಂಡು ಕೂಗುತ್ತಿತ್ತು. ನಮ್ಮ ಆಸ್ಪತ್ರೆಯ ಆ್ಯಂಬುಲೆನ್ಸ್ ಓಡಿಸುವ ಮಕ್ಸೂದ್ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನೀರಿಗಿಳಿದು ಅದನ್ನು ತಂದ. ಅವನು ನಮ್ಮ ಹುಮನಾಬಾದಿನವನು. ಹೆಂಡತಿ ಮಕ್ಕಳ ಸಂಸಾರ, ಅವನ ಮನೆಯಲ್ಲಿ ಜಾಗವಿರಲಿಲ್ಲ. ನನ್ನ ಕೋಣೆಯಲ್ಲಿ ಬೇಕಾದಷ್ಟಿತ್ತು. ಹಾಗೆ ಅದು ನನ್ನದಾಯಿತು.

ಈಗ ಏಪ್ರಿಲ್‌ನಲ್ಲಿ ನನ್ನನ್ನು ಸಲಾಲಾ ಎಂಬ ದೂರದ ಊರಿಗೆ ವರ್ಗ ಮಾಡಿದ್ದಾರೆ. ಅಲ್ಲಿ ಹಾಸ್ಟೆಲಿನಲ್ಲಿರಬೇಕು, ನಾಯಿಗೆ ಪರವಾನಗಿ ಇಲ್ಲ. ಇಲ್ಲೇ ಬಿಟ್ಟು ಹೋಗೋಣವೆಂದರೆ, ನಮ್ಮ ಕಾಲೊನಿಯ ಮಾಲೀಕ ದಿಕ್ಕಿಲ್ಲದ ನಾಯಿಗಳಿಗೆಲ್ಲ ಗುಂಡು ಹಾಕಿಸುತ್ತಾನೆ. ಗೊತ್ತಿದ್ದವರನ್ನೆಲ್ಲ ಕೇಳಿ ಆಯಿತು, ಯಾರೂ ಹೂಂ ಎನ್ನಲಿಲ್ಲ. ಕಮಲಾಪುರದ ತೋಟದಲ್ಲಿ ಅದಕ್ಕೊಂದು ಮೂಲೆ ಕೊಡುತ್ತೀಯಾ? ಆಗದಿದ್ದರೆ ಆಗದು ಎಂದೇ ಬರೆ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಇದು ಸುಳ್ಳು, ಮಾಡಿಕೊಳ್ಳುತ್ತೇನೆ. ಆದರೂ ಬರೆ.

ಅತ್ತಿಗೆಗೆ ನಮಸ್ಕಾರ ಹೇಳು.

ಶಾರದಾ


ಕಮಲಾಪುರ
೧ ಮಾರ್ಚ್ ೧೯೮೯

ಚಿರಂಜೀವಿ ಶಾರದಾಳಿಗೆ ಅಣವೀರಪ್ಪನ ಆಶೀರ್ವಾದ.

ಪತ್ರ ಮುಟ್ಟಿತು. ನಿನ್ನ ಅತ್ತಿಗೆ ಅಂಬಮ್ಮನಿಗೆ ಓದಿ ಹೇಳಿ, ಏನು ಮಾಡೋಣ ಎಂದು ಕೇಳಿದೆ. “ಎಂಟು ವರ್ಷದಾಗ ಆಕಿ ಒಂದ ಮಾತು ಕೇಳ್ಯಾಳ. ಮೊದಲ ಹೂಂ ಅಂತ ಬರೀರಿ. ವಿಚಾರ ಆಮ್ಯಾಲ ಮಾಡೂಣು” ಎಂದಳು. ಆದ್ದರಿಂದ ಮೊದಲು ಹೂಂ. ಇನ್ನು ವಿಚಾರ.

ತೋಟದಲ್ಲಿ ಕೆಂಪು ಬಾಳೆ ಗೊನೆ ಹಾಕಿದೆ, ಹಂದಿಗಳ ಕಾಟ ವಿಪರೀತ. ಗಟ್ಟಿ ನಾಯಿಯೊಂದು ಬೇಕೆಂದು ನಾನೇ ಹುಡುಕುತ್ತಿದ್ದೆ. ನಿನಗೆ ಭಾರವೆನಿಸದಿರಲಿ ಎಂದು ಹೀಗೆ ಬರೆಯುತ್ತಿದ್ದೇನೆಂದು ತಿಳಿಯಬೇಡ, ನಿಜವಾಗಿಯೂ ಹುಡುಕುತ್ತಿದ್ದೆ. ಆದರೆ ಜಾತಿ ಯಾವುದೆಂದು ನೀನು ಬರೆದೇ ಇಲ್ಲ. ಜೀಪು ಓಡಿಸುವ ನಮ್ಮ ಹುಸೇನನನ್ನು ಕೇಳಿದೆ. “ಸಾವಕಾರ್ರ, ಅರಬರ ನಾಡಿನ ನಾಯಿ ಅಂದ್ರ ಏನ್ ತಿಳದೀರಿ? ಕುದುರಿ ಇದ್ದಂಗ ಇರ್ತಾವ. ಸರಪಳಿ ಗಟ್ಟಿ ನೋಡಿ ತರ್ರಿ” ಎಂದ. ಅವನ ಮಾತು ಕೇಳಿ ಕಲಬುರ್ಗಿಗೆ ಹೋಗಿ ಕೋಣ ಕಟ್ಟುವಂಥ ಸರಪಳಿ ತಂದಿಟ್ಟಿದ್ದೇನೆ. ಈಗ ಊರಲ್ಲಿ ನನ್ನನ್ನು ಕಂಡವರು ಬಾಳೆಯ ಧಾರಣೆ ಕೇಳುವುದನ್ನೇ ಬಿಟ್ಟಿದ್ದಾರೆ. ಫಾರಿನ್ ನಾಯಿ ಯಾವತ್ತು ಬರುತ್ತದೆ ಎಂಬುದೊಂದೇ ಮಾತು.

ತೊಡಕು ಒಂದೇ. ಅದಕ್ಕೆ ಮಾಂಸ ಬೇಕೇ? ನಮ್ಮ ಮನೆಯಲ್ಲಿ ಅದು ಆಗದ ಮಾತೆಂದು ನಿನಗೆ ಗೊತ್ತು. ಬೇಕೇ ಬೇಕೆಂದರೆ ತೋಟದಲ್ಲಿ ಹುಸೇನನ ಕಡೆಯಿಂದ ವ್ಯವಸ್ಥೆ ಮಾಡಿಸುತ್ತೇನೆ. ಅತ್ತಿಗೆಗೆ ಬರೆಯಬೇಡ.

ಅಣವೀರಪ್ಪ


ಮಸ್ಕತ್
೧೫ ಮಾರ್ಚ್ ೧೯೮೯

ಅಣ್ಣಾ,

ನಿನ್ನ ‘ಹೂಂ’ ಓದಿ ವಾರ್ಡಿನಲ್ಲೇ ಅತ್ತುಬಿಟ್ಟೆ. ನಾನು ನೀರು ಕುಡಿಸಬೇಕಾದ ರೋಗಿ ನನಗೇ ನೀರು ಕುಡಿಸಿದಳು. ನಿನಗೂ ಅತ್ತಿಗೆಗೂ ನಾನು ಎಷ್ಟು ಋಣಿ ಎಂದು ಬರೆಯಲು ಬರುವುದಿಲ್ಲ.

ಮಾಂಸದ ಚಿಂತೆ ಬಿಡು. ನಾನು ತಿನ್ನುವುದನ್ನೇ ತಿಂದು ಬೆಳೆದಿದೆ. ಇಲ್ಲಿ ಜೋಳದ ಹಿಟ್ಟು ಸಿಗುತ್ತದೆ, ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಲ್ಲಿದ್ದರೂ ಎದ್ದು ಬರುತ್ತದೆ. ಚುಚ್ಚುಮದ್ದು, ಕಾಗದಪತ್ರ ಎಲ್ಲವನ್ನೂ ಮಕ್ಸೂದ್ ಓಡಾಡಿ ಮಾಡಿಸಿದ್ದಾನೆ. ನಮ್ಮ ಸಿಸ್ಟರ್ ಒಬ್ಬರ ತಮ್ಮ ಏಪ್ರಿಲ್ ಎಂಟಕ್ಕೆ ವಿಮಾನದಲ್ಲಿ ಬೊಂಬಾಯಿಗೆ ಕರೆದೊಯ್ದು, ಉದ್ಯಾನ್ ರೈಲಿನ ಗಾರ್ಡ್ ಡಬ್ಬಿಯಲ್ಲಿ ನಾಯಿಗಳಿಗೆಂದು ಇರುವ ಪೆಟ್ಟಿಗೆಗೆ ಹತ್ತಿಸುತ್ತಾನೆ. ಹನ್ನೊಂದರ ಸಂಜೆ ಕಲಬುರ್ಗಿ ಸ್ಟೇಷನ್ನಿನಲ್ಲಿ ಇಳಿಸಿಕೋ. ಕೊರಳಲ್ಲಿ ನನ್ನ ಕೈಬರಹದ ಚೀಟಿ ಇರುತ್ತದೆ.

ಜಾತಿ ಕೇಳಿದ್ದೀಯ. ಒಳ್ಳೆಯ ಜಾತಿ. ಅಷ್ಟು ಸಾಕಲ್ಲವೇ?

ಸಲಾಲಾದಲ್ಲಿ ಟಪಾಲು ತಡವಂತೆ. ಏಪ್ರಿಲ್ ನಂತರ ಮಕ್ಸೂದ್‌ನ ವಿಳಾಸಕ್ಕೇ ಬರೆ, ಅವನು ಮುಟ್ಟಿಸುತ್ತಾನೆ.

ಶಾರದಾ


ಮಸ್ಕತ್
೯ ಏಪ್ರಿಲ್ ೧೯೮೯

ಅಣ್ಣಾ,

ನಿನ್ನೆ ಕಳಿಸಿಕೊಟ್ಟೆ. ಅದು ಬಾಗಿಲ ಬಳಿ ಮಲಗಿರುತ್ತದೆಂದು ಇವತ್ತೂ ಕಾಲು ಎತ್ತಿಟ್ಟು ದಾಟುತ್ತಿದ್ದೇನೆ.

ಒಂದು ಮಾತು ಮುಚ್ಚಿಟ್ಟಿದ್ದೆ, ಮನಸ್ಸು ತಡೆಯುತ್ತಿಲ್ಲ. ಅದು ಜಾತಿನಾಯಿ ಅಲ್ಲ, ಇಲ್ಲಿಯ ಬೀದಿನಾಯಿ. ಕಂದು ಮೈ, ನೆಟ್ಟಗಿನ ಕಿವಿ, ಸುರುಳಿ ಬಾಲ. ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಮಲಗಿರುವ ನಾಯಿಗಳ ನಡುವೆ ಬಿಟ್ಟರೆ ಹೆತ್ತ ತಾಯಿಗೂ ಗುರುತು ಸಿಗಲಿಕ್ಕಿಲ್ಲ. ಹಳ್ಳದ ನಡುವೆ ಅದನ್ನು ನೋಡಿದಾಗ ನನಗೆ ಊರೇ ಕಂಡಂತಾಗಿತ್ತು, ಅದಕ್ಕೇ ಕೋಣೆಗೆ ತಂದುಕೊಂಡೆ. ಮೊದಲೇ ಹೇಳಿದರೆ “ಬೀದಿ ನಾಯಿ ತರಸಾಕ ವಿಮಾನ ಬೇಕೇನು, ಇಲ್ಲೇನ್ ಕಡಿಮಿ ಅದಾವು?” ಎಂದು ನಗುತ್ತೀ ಎಂದು ಹೆದರಿದೆ.

ಹೆಸರು ಸಾವಕಾರ. ಹೌದು, ಊರವರು ನಿನ್ನನ್ನು ಕರೆಯುವ ಹೆಸರೇ. ಆಗ ನಿನ್ನ ಮೇಲೆ ಸಿಟ್ಟಿತ್ತು, ದಿನಾ ಬೈಯಲು ಒಬ್ಬ ಸಾವಕಾರ ಬೇಕಿತ್ತು. ಬರಬರುತ್ತ ಬೈಗುಳ ಹೋಗಿ ಹೆಸರಷ್ಟೇ ಉಳಿಯಿತು. ಮಕ್ಸೂದ್‌ಗೆ ಕನ್ನಡ ಬಂದರೂ ಅವನ ಮನೆಯಲ್ಲಿ ಎಲ್ಲರ ಜೊತೆ ಉರ್ದು, ಆಸ್ಪತ್ರೆಯಲ್ಲಿ ಇಂಗ್ಲಿಷು. ದಿನವೂ ಕನ್ನಡದಲ್ಲಿ ಮಾತಾಡಲು ನನಗೆ ಇದ್ದದ್ದು ಆ ಸಾವಕಾರ ಒಬ್ಬನೇ.

ಇನ್ನೊಂದು ಮುಖ್ಯ ಮಾತು. ಅಪ್ಪ ಇದ್ದಾಗ ಎಲ್ಲರ ತಾಟಿಗೂ ಬಡಿಸಿ ಆದ ಮೇಲೆ ಅವರು “ಉಣ್ರಿ” ಎನ್ನುವವರೆಗೆ ನಾವ್ಯಾರೂ ತುತ್ತು ಮುಟ್ಟುತ್ತಿರಲಿಲ್ಲವಲ್ಲ? ಇಲ್ಲಿ ನಾನೂ ಅದೂ ಎದುರುಬದುರು ಕೂತು ಹಾಗೆಯೇ ನಡೆಸಿಕೊಂಡು ಬಂದೆವು. ಹೇಳದೆ ಅದು ಬಾಯಿ ಹಾಕುವುದಿಲ್ಲ, ಮುಖ ನೋಡುತ್ತ ಕೂರುತ್ತದೆ. ದಯವಿಟ್ಟು ಮರೆಯದೆ ಹೇಳು. ಇಲ್ಲದಿದ್ದರೆ ಉಪವಾಸ ಬೀಳುತ್ತದೆ.

ಶಾರದಾ


ಕಮಲಾಪುರ
೧೨ ಏಪ್ರಿಲ್ ೧೯೮೯

ಶಾರದಾ,

ಹೇಗೆ ಬರೆಯಲಿ? ನಿನ್ನ ನಾಯಿಯನ್ನು ಬೊಂಬಾಯಿಯಲ್ಲಿ ಕಳ್ಳರು ಬದಲಾಯಿಸಿದ್ದಾರೆ.

ನಿನ್ನೆ ಹುಸೇನನ ಜೀಪಿನಲ್ಲಿ ಸ್ಟೇಷನ್ನಿಗೆ ಹೋಗಿದ್ದೆ. ಜೊತೆಗೆ ಹೂವಿನ ಹಾರ, ಆ ಸರಪಳಿ, ಬ್ರಹ್ಮಪುರದಿಂದ ಫೋಟೋಗ್ರಾಫರ್ ಬಂಡೂರಾವ್. ನನ್ನ ಖುಷಿ ನಿನಗೇನು ಹೇಳಲಿ! ಗಾರ್ಡ್ ಪೆಟ್ಟಿಗೆಯ ಬಾಗಿಲು ತೆಗೆದ. ಒಳಗಿನಿಂದ ಇಳಿದದ್ದು ಒಂದು ಕಂದು ಬಣ್ಣದ ಬೀದಿನಾಯಿ. ನಮ್ಮೂರ ಅಗಸಿ ಬಾಗಿಲಲ್ಲಿ ಮಲಗುತ್ತದಲ್ಲ, ಥೇಟು ಅದೇ. ಬಂಡೂರಾವ್ ಕ್ಯಾಮೆರಾ ಕೆಳಗಿಳಿಸಿ, “ಅಣವೀರಪ್ಪನವರ, ಇದರ ಫೋಟೋ ನಮ್ಮ ಓಣ್ಯಾಗೇ ತೆಗೀತಿದ್ನಲ್ಲ, ಇಲ್ಲೀತನಕ ಯಾಕ ಕರಸಿದ್ರಿ?” ಎಂದ. ಪ್ಲಾಟ್‌ಫಾರ್ಮಿನಲ್ಲಿ ಇದ್ದವರೆಲ್ಲ ನಕ್ಕರು. ಹುಸೇನ ಮಾತ್ರ ನಗಲಿಲ್ಲ. “ಸಾವಕಾರ್ರ, ಖರೇ ಮಾಲ್ ಬೊಂಬಾಯಿದಾಗೇ ಇಳಸ್ಕೊಂಡಾರ. ಇದನ್ನ ತುಂಬಿ ಕಳಸ್ಯಾರ” ಎಂದ.

ಕೊರಳಲ್ಲಿದ್ದ ಚೀಟಿ ನಿನ್ನದೇ, ಅಕ್ಷರ ಗುರುತು ಹಿಡಿದೆ. ಆದರೆ ಒಂದರ ಕೊರಳಿನಿಂದ ಬಿಚ್ಚಿ ಇನ್ನೊಂದರ ಕೊರಳಿಗೆ ಕಟ್ಟಲು ಎಷ್ಟು ಹೊತ್ತು ಬೇಕು? ಅಂಥ ಜನ ಅವರು. ನಾನು ಮಾತಾಡಿದ ಕೂಡಲೇ ಆ ನಾಯಿ ಬಾಲ ಅಲ್ಲಾಡಿಸಿ ಕಾಲಿಗೆ ಸುತ್ತಿಕೊಂಡಿತು. ಅದನ್ನೂ ಕಲಿಸಿ ಕಳಿಸಿದ್ದಾರೆ ಎಂದುಕೊಂಡೆ. ಸ್ಟೇಷನ್ ಹೊರಗೆ ಬಿಟ್ಟು ಬಂದೆವು. ಸ್ವಲ್ಪ ದೂರ ಜೀಪಿನ ಹಿಂದೆ ಓಡಿ ಬಂತು, ಆಮೇಲೆ ನಿಂತಿತು.

ನೀನು ಕೇಳಿದ ಒಂದೇ ಒಂದು ಕೆಲಸವೂ ನನ್ನಿಂದ ಆಗಲಿಲ್ಲ. ನಾಳೆ ಬೊಂಬಾಯಿಯ ನಮ್ಮ ಹಣ್ಣಿನ ದಲಾಲರಿಗೆ ಬರೆದು ಹುಡುಕಿಸುತ್ತೇನೆ. ಬಣ್ಣ, ಎತ್ತರ ಎಲ್ಲ ವಿವರವಾಗಿ ತಿಳಿಸು.

ಅಣವೀರಪ್ಪ


ಕಮಲಾಪುರ
೨೨ ಏಪ್ರಿಲ್ ೧೯೮೯

ಶಾರದಾ,

ನೀನು ಒಂಬತ್ತನೆಯ ತಾರೀಖು ಬರೆದ ಪತ್ರ ಈಗ ಬಂತು. ನಿಂತುಕೊಂಡೇ ಓದಿದೆ. ನಿನ್ನ ಅತ್ತಿಗೆ ನನಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ರೊಟ್ಟಿ ಬಡಿಯಲು ಕೂತಿದ್ದಾಳೆ, ಬುಟ್ಟಿ ತುಂಬಿದ ಕೂಡಲೇ ಹುಡುಕಲು ಹೊರಡುತ್ತೇನೆ. ಸಿಗದೆ ಮನೆಗೆ ಬರಬಾರದು ಎಂದು ಆಜ್ಞೆಯಾಗಿದೆ.

ಅಣವೀರಪ್ಪ


ತಂತಿ, ಮಸ್ಕತ್
೨೪ ಏಪ್ರಿಲ್ ೧೯೮೯

ಬದಲಾಗಿಲ್ಲ. ಅದೇ ನನ್ನ ನಾಯಿ. ಹುಡುಕು. ಶಾರದಾ.


ಕಮಲಾಪುರ
೨೭ ಏಪ್ರಿಲ್ ೧೯೮೯

ಶಾರದಾ,

ಸಿಕ್ಕಿತು. ಮೊದಲು ಇಷ್ಟು ಓದಿ ಉಸಿರು ಬಿಡು. ಸಿಕ್ಕಿತು, ಮನೆಯಲ್ಲಿದೆ, ಅತ್ತಿಗೆಯ ಸೀರೆಯ ಸೆರಗಿನ ಮೇಲೆ ಮಲಗಿದೆ.

ಕಲಬುರ್ಗಿಯಲ್ಲಿ ಕಂದು ಬಣ್ಣದ ನಾಯಿಗಳು ಎಷ್ಟಿವೆ ಎಂಬುದು ಈ ವಾರದಲ್ಲಿ ತಿಳಿಯಿತು. ಹೆಸರು ಹಿಡಿದು ಕರೆಯೋಣವೆಂದರೆ ಅದು ನನ್ನದೇ ಹೆಸರು. ಸ್ಟೇಷನ್ ರಸ್ತೆಯಲ್ಲಿ ನಿಂತು “ಸಾವಕಾರ, ಸಾವಕಾರ” ಎಂದು ಕೂಗಿದರೆ ಅಡತಿ ಅಂಗಡಿಯವರು ಹೊರಗೆ ಬಂದು ನನಗೇ ನಮಸ್ಕಾರ ಮಾಡಿದರು. ಆದ್ದರಿಂದ ನೀನು ಬರೆದ ಇನ್ನೊಂದು ಗುರುತನ್ನೇ ಹಿಡಿದು ಹೊರಟೆವು. ನಾಯಿ ಕಂಡಲ್ಲೆಲ್ಲ ರೊಟ್ಟಿ ಹಾಕುವುದು, ಬಾಯಿ ಮುಚ್ಚಿಕೊಂಡು ನಿಲ್ಲುವುದು. ಎಲ್ಲ ನಾಯಿಗಳೂ ಗಬಕ್ಕನೆ ತಿಂದವು. ಬ್ರಹ್ಮಪುರದಲ್ಲಿ ಒಬ್ಬ ಅಜ್ಜಿ, “ಏನ್ ಹರಕಿ ಹೊತ್ತೀರಿ?” ಎಂದು ಕೇಳಿದಳು. ಕೋಟನೂರಿನಲ್ಲಿ ಕುರಿ ಕಾಯುವ ನಾಯಿಗಳು ನನ್ನನ್ನು ಅಟ್ಟಿಸಿಕೊಂಡು ಬಂದವು. ಬುಟ್ಟಿಯ ಸಮೇತ ಜೀಪಿನ ಬಾನೆಟ್ ಏರಿದೆ. ಈ ವಯಸ್ಸಿನಲ್ಲಿ ಹೇಗೆ ಏರಿದೆನೋ ಗೊತ್ತಿಲ್ಲ.

ನಿನ್ನೆ ಐವಾನ್-ಎ-ಶಾಹಿ ಕಡೆ ಹೋದೆವು. ಆ ಸರಕಾರಿ ಗೆಸ್ಟ್ ಹೌಸಿನ ಹತ್ತಿರ ಕೈಗಾಡಿಯಲ್ಲಿ ಮಿರ್ಚಿ ಭಜಿ ಮಾಡುವ ಮಾನಮ್ಮ ಎಂಬವಳಿದ್ದಾಳೆ. ಹೊಸ ನಾಯಿ ಯಾವುದಾದರೂ ಬಂದಿದೆಯೇ ಎಂದು ಕೇಳಿದೆ. “ಒಂದ ಅದರಿ. ಭಾಳ ಸೊಕ್ಕಿಂದು. ಏನ್ ಹಾಕಿದ್ರೂ ಮುಟ್ಟಂಗಿಲ್ಲ, ಮಾರಿ ನೋಡ್ಕೋತ ಕುಂದರತದ. ಅದಕ್ಕೇನ್ ನಾ ಆರತಿ ಬೆಳಗಲೇನು?” ಎಂದಳು. ಹುಸೇನ ನನ್ನ ಕೈ ಹಿಡಿದುಕೊಂಡ.

ಕಾಂಪೌಂಡಿನ ಬೇವಿನ ಮರದ ಕೆಳಗಿತ್ತು. ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಯಾರೂ ಇಲ್ಲದಾಗ ಏನೋ ಒಂದಿಷ್ಟು ತಿಂದಿರಬೇಕು, ಇಲ್ಲದಿದ್ದರೆ ಬದುಕುತ್ತಿರಲಿಲ್ಲ. ಮುಂದೆ ರೊಟ್ಟಿ ಇಟ್ಟೆ. ಮೂಸಿ ನೋಡಿತು. ಬಾಯಲ್ಲಿ ನೀರು ಸುರಿಯುತ್ತಿತ್ತು, ಆದರೂ ಹಿಂದೆ ಸರಿದು ಕೂತು ನನ್ನ ಮುಖ ನೋಡಿತು. ಅಪ್ಪನ ಎದುರಿಗೆ ಹಸಿದುಕೊಂಡು ಕೂರುತ್ತಿದ್ದ ನೀನೇ ಕಣ್ಣ ಮುಂದೆ ಬಂದೆ. ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಆ ಪದ್ಧತಿ ಎಂದೋ ಬಿಟ್ಟುಹೋಗಿದೆ, ಶಾರದಾ. ನಾನು ತೋಟದಲ್ಲಿ ಉಣ್ಣುತ್ತೇನೆ, ಮಕ್ಕಳು ತಮಗೆ ತಿಳಿದಾಗ ಉಣ್ಣುತ್ತಾರೆ, ಅಂಬಮ್ಮ ಯಾವಾಗ ಉಣ್ಣುತ್ತಾಳೋ ನಾನು ಕೇಳಿಯೇ ಇಲ್ಲ. ನೀನು ಸಮುದ್ರದಾಚೆ ಒಂದು ಕೋಣೆಯಲ್ಲಿ ನಾಯಿಯನ್ನು ಕೂರಿಸಿಕೊಂಡು ಅದನ್ನು ನಡೆಸಿದ್ದೀ.

“ಉಣ್ರಿ” ಎಂದೆ. ಬುಟ್ಟಿಯಲ್ಲಿದ್ದದ್ದನ್ನೆಲ್ಲ ತಿಂದಿತು. ನಾನು ಅಲ್ಲೇ ಮಣ್ಣಿನಲ್ಲಿ ಕೂತು ಅತ್ತೆ. ಹುಸೇನ ಎಂಜಿನ್ ನೋಡುತ್ತೇನೆಂದು ಆಚೆ ಹೋದ, ಜೀಪು ಸರಿಯಾಗಿಯೇ ಇತ್ತು.

ಮಾನಮ್ಮನಿಗೆ ಕೆಂಪು ಬಾಳೆಯ ಒಂದು ಗೊನೆ ಕೊಟ್ಟು ಬಂದಿದ್ದೇನೆ. ದಿನವೂ ಭಜಿ ಹಾಕುವುದನ್ನು ಅವಳು ಬಿಟ್ಟಿರಲಿಲ್ಲ, ಅದಕ್ಕೇ ನಾಯಿ ಅಲ್ಲಿಂದ ಕದಲಿರಲಿಲ್ಲ. ಅವಳ ಋಣ ಆ ಗೊನೆಯಿಂದ ತೀರುವುದಲ್ಲ.

ಅಣವೀರಪ್ಪ

ತಾ.ಕ. ಸರಪಳಿಯನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಬಾವಿಯ ರಾಟೆಗೆ ಹಾಕಿದ್ದೇನೆ.


ಮಸ್ಕತ್
೧೦ ಮೇ ೧೯೮೯

ಅಣ್ಣಾ,

ರಜೆಯ ಮೇಲೆ ಮಸ್ಕತ್ತಿಗೆ ಬಂದಿದ್ದೇನೆ, ನಿನ್ನ ಪತ್ರ ಕೈಗೇ ಸಿಕ್ಕಿತು. ನೀನು ಬಿಟ್ಟು ಬಂದೆ ಎಂದು ಓದಿದ ದಿನ ನಿನ್ನ ಮೇಲೆ ಎಂಟು ವರ್ಷದ ಸಿಟ್ಟೂ ಒಟ್ಟಿಗೆ ಬಂದಿತ್ತು. ಅಷ್ಟರಲ್ಲಿ ಮಕ್ಸೂದನ ಹೆಂಡತಿ, “ಬೀದಿನಾಯಿ ಅಂತ ನೀವೇ ಹೇಳಿರಲಿಲ್ಲವಲ್ಲ” ಎಂದಳು. ಆಮೇಲೆ ಯಾರ ಮೇಲೆ ಸಿಟ್ಟಾಗಲಿ? ತಂತಿ ಕೊಟ್ಟು ಕಾದೆ.

ಈಗ ನಿನ್ನ ಪತ್ರ ಓದಿ ಮಕ್ಸೂದ್, ಅವನ ಹೆಂಡತಿ, ನಾನು ಮೂವರೂ ಬಾನೆಟ್ ಏರಿದ ಸಾವಕಾರನನ್ನು ನೆನೆದು ನಕ್ಕದ್ದೇ ನಕ್ಕದ್ದು. ಹುಸೇನನಿಗೆ, ಮಾನಮ್ಮನಿಗೆ, ರೊಟ್ಟಿ ಬಡಿದ ಅತ್ತಿಗೆಯ ಕೈಗೆ ನನ್ನ ನಮಸ್ಕಾರ. ನಿನಗೆ ಮಾತ್ರ ಏನು ಹೇಳಲಿ? ನೀನು ಮಣ್ಣಿನಲ್ಲಿ ಕೂತೆ ಎಂಬ ಸಾಲನ್ನು ಮತ್ತೆ ಮತ್ತೆ ಓದುತ್ತೇನೆ. ಅದರ ಬದುಕು ಈಗ ನೀನು ಕೊಟ್ಟದ್ದು. ಇನ್ನು ನನಗೆ ಯಾವ ಚಿಂತೆಯೂ ಇಲ್ಲ.

ಸಲಾಲಾ ಚೆನ್ನಾಗಿದೆ. ಕೆಲಸ ಹಗುರ. ಮಕ್ಸೂದ್ ಮುಂದಿನ ತಿಂಗಳು ಊರಿಗೆ ಬರುತ್ತಾನೆ, ನಾಯಿಯನ್ನು ನೋಡಿಕೊಂಡು ಹೋಗಲು ಹೇಳಿದ್ದೇನೆ.

ಶಾರದಾ


ಕಮಲಾಪುರ
೧೮ ಜೂನ್ ೧೯೮೯

ಚಿರಂಜೀವಿ ಶಾರದಾ,

ಸಾವಕಾರ ಮೈತುಂಬಿಕೊಂಡಿದ್ದಾನೆ. ಹಂದಿ ಕಾಯುವುದರಲ್ಲಿ ಮಾತ್ರ ಕಾಸಿಗೂ ಪ್ರಯೋಜನವಿಲ್ಲ. ಹಂದಿ ಬಂದರೆ ನನ್ನ ಹಿಂದೆ ನಿಂತು ಬೊಗಳುತ್ತಾನೆ, ಮುಂದೆ ನಾನು ನಿಲ್ಲಬೇಕು. ಮೊದಲ ಮಳೆಗೆ ತೋಟದ ಕಾಲುವೆಯಲ್ಲಿ ನೀರು ಬಂದಾಗ ದಾಟಲಾರದೆ ಅಳುತ್ತಿದ್ದ, ಎತ್ತಿಕೊಂಡು ದಾಟಿಸಿದೆ. ಊರವರು ಈಗ ನನ್ನನ್ನು ದೊಡ್ಡ ಸಾವಕಾರ, ಅವನನ್ನು ಸಣ್ಣ ಸಾವಕಾರ ಎನ್ನುತ್ತಾರೆ.

ನಾನು “ಉಣ್ರಿ” ಎನ್ನದೆ ಅವನು ಉಣ್ಣುವುದಿಲ್ಲ, ಅವನು ಹಸಿದಿರುವುದನ್ನು ಅಂಬಮ್ಮ ನೋಡಲಾರಳು. ಹಾಗಾಗಿ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತೇನೆ. ನನ್ನನ್ನು ನೋಡಿ ಮಕ್ಕಳೂ ಕೂರಲು ಶುರುಮಾಡಿದರು. ಮೊನ್ನೆ ಅಂಬಮ್ಮ, “ಮದುವ್ಯಾಗಿ ಇಷ್ಟು ವರ್ಷದಾಗ ನಿಮ್ಮ ಜೋಡಿ ಕುಂತು ಉಂಡದ್ದು ಈಗ ನೋಡ್ರಿ” ಎಂದಳು. ನೀನು ಉಪಕಾರ ಕೇಳಿದ್ದೆ, ಪಡೆದವನು ನಾನು.

ಮಕ್ಸೂದ್ ನಿನ್ನೆ ಬಂದಿದ್ದ. ನಾಯಿ ಅವನ ಮೈಮೇಲೆ ಹಾರಿದ್ದು ನೋಡಬೇಕಿತ್ತು. ಚಹಾ ಕುಡಿಯುತ್ತ ನಾನು, “ಸಲಾಲಾದಾಗ ನಮ್ಮ ಶಾರದಾಗ ಹ್ಯಾಂಗ ನಡದದ?” ಎಂದು ಕೇಳಿದೆ. ಅವನು ಕಪ್ಪು ಕೆಳಗಿಟ್ಟ. “ಶಾರದಾ ಬಾಯಾರು ನಿಮಗ ಹೇಳಿಲ್ಲೇನ್ರಿ? ಸಲಾಲಾನೂ ಇಲ್ಲ, ವರ್ಗಾನೂ ಇಲ್ಲ. ಏಪ್ರಿಲ್‌ದಾಗೇ ನೌಕರಿ ಮುಗದದ. ಕೋಣಿನೂ ಬಿಡಿಸ್ಯಾರ. ನಮ್ಮ ಮನ್ಯಾಗ ಪರದೆ ಕಟ್ಟಿ ಜಾಗಾ ಮಾಡಿಕೊಟ್ಟೀವಿ. ಅಲ್ಲಿ ಇಲ್ಲಿ ಬ್ಯಾನಿ ಬಿದ್ದವರ ಸೇವಾ ಮಾಡ್ಕೋತ ಅದಾರ” ಎಂದ. ಊರಿಗೆ ಯಾಕೆ ಬರಲಿಲ್ಲ ಎಂದು ಕೇಳಿದೆ. “ಊರಾಗ ನನಗ ಜಾಗಾ ಅದನೋ ಇಲ್ಲೋ ಗೊತ್ತಿಲ್ಲ, ನಾಯಿಗಾದ್ರೂ ಸಿಗಲಿ ಅಂತಿದ್ರು ಬಾಯಾರು” ಎಂದ.

ಅವನು ಹೋದ ಮೇಲೆ ನಾನು ತೋಟದ ಕಡೆ ಹೋಗಿ ಒಬ್ಬನೇ ಕೂತಿದ್ದೆ. ನಾಯಿ ಅಲ್ಲೇ ಮರದ ಕೆಳಗೆ ಮಲಗಿತ್ತು. ನನ್ನ ತಂಗಿ ತನ್ನ ನಾಯಿಗೆ ನನ್ನ ಮನೆಯಲ್ಲಿ ಮೂಲೆ ಕೇಳಿ, ತಾನು ಪರರ ಮನೆಯ ಪರದೆಯ ಹಿಂದೆ ಉಳಿದಳು. ಇಷ್ಟು ವರ್ಷ ನಾನು ದೀಪಾವಳಿಗೆ ಎರಡು ಸಾಲು ಬರೆದು ಕೈತೊಳೆದುಕೊಂಡೆ, ನೀನು ಇನ್ನೇನು ತಿಳಿಯಬೇಕಿತ್ತು? ಮಕ್ಸೂದನ ಮನೆಯವರ ಉಪಕಾರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನಿನ್ನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಶಾರದಾ. ಇದ್ದದ್ದು ಎಂದೋ ಹೋಗಿದೆ, ಹೋಯಿತೆಂದು ಹೇಳುವುದೊಂದು ಬಾಕಿ ಇತ್ತು. ಊರಿಗೆ ಬರುತ್ತೀಯಾ?

ಇಲ್ಲಿಂದ ಮುಂದೆ ನಿನ್ನ ಅತ್ತಿಗೆ ಹೇಳಿದ್ದು, ನಾನು ಬರೆದದ್ದು:

“ಶಾರದಾ, ನಿಮ್ಮಣ್ಣ ಬರ್ತೀಯೇನು ಅಂತ ಬರದಾರ. ಆ ಸಾಲು ಹೊಡದ ಹಾಕು. ನಾಯಿಗೆ ಜಾಗಾ ಕೇಳಿ ಪತ್ರ ಬರದಿ, ಛಲೋ ಆತು, ಅದಕ್ಕ ನಮ್ಮ ಮನಿ ಗೊತ್ತಿರಲಿಲ್ಲ. ನೀ ಯಾಕ ಕೇಳಬೇಕು? ಹೊರಗಿನವರು ಕೇಳ್ತಾರ. ನೀ ತಾರೀಖು ಅಷ್ಟ ಬರಿ.”